ಅರಬೈಲ್ ಘಟ್ಟದಲ್ಲಿ ಹೋದ ಗ್ಯಾಸ್ಕೆಟ್, ಕೇಶ್ವಾಪುರದ ಅಂಗಳದಲ್ಲಿ ಹೆಡ್ ಕೆಲಸ

ಜನವರಿಯಲ್ಲಿ ಗೋಕರ್ಣದಿಂದ ವಾಪಸ್ ಬರುವಾಗ ಅರಬೈಲ್ ಘಟ್ಟದ ಅರ್ಧಕ್ಕೆ ನಮ್ಮ ಮಾರುತಿ 800 ಉಸಿರು ಕಟ್ಟಿದ ಹಾಗೆ ಮಾಡಿತು. ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆಗೆ ಹೋಗಿತ್ತು. ಬದಿಗೆ ಹಚ್ಚಿ ಬಾನೆಟ್ ಎತ್ತಿದರೆ ರೇಡಿಯೇಟರಿನ ನೀರಿನ ಬಾಟಲಿ ಕುದಿಯುತ್ತಿದೆ, ಫ್ಯಾನು ಮಾತ್ರ ಸರಿಯಾಗಿ ತಿರುಗುತ್ತಿದೆ. ಒಂದು ತಾಸು ಆರಲು ಬಿಟ್ಟು, ನೀರು ಹಾಕಿ, ಹೇಗೋ ಯಲ್ಲಾಪುರ ಮುಟ್ಟಿದೆವು. ಅಲ್ಲಿಂದ ಟೆಂಪೋದಲ್ಲಿ ಹೇರಿಕೊಂಡು ಹುಬ್ಬಳ್ಳಿಯ ಕೇಶ್ವಾಪುರದ ನಮ್ಮ ಮನೆಗೆ. ಸಂಶಯ ಹೆಡ್ ಗ್ಯಾಸ್ಕೆಟ್ಟಿನ ಮೇಲೆ. ಎಂಜಿನ್ನಿನ ಮೇಲಿನ ಭಾಗ ಹೆಡ್, ಕೆಳಗಿನದು ಬ್ಲಾಕ್. ಎರಡರ ನಡುವೆ ಕೂತು ಗಾಳಿ, ನೀರು, ಆಯಿಲ್ ಸೋರದಂತೆ ತಡೆಯುವ ಹಾಳೆ ಈ ಗ್ಯಾಸ್ಕೆಟ್.

ಕಾರು ಅಪ್ಪ 1998ರಲ್ಲಿ ಕೊಂಡಿದ್ದು. ಕಾರ್ಬ್ಯುರೇಟರ್ ಇರುವ ಮಾಡೆಲ್. ಮೂರು ಸಿಲಿಂಡರ್, ಆರು ವಾಲ್ವ್, 796 ಸಿಸಿ. ಈ ಕಾರು ತಯಾರಾಗುವುದು 2014ರಲ್ಲೇ ನಿಂತಿತು. ಆದರೆ ಇದೇ ಎಂಜಿನ್ ಓಮ್ನಿಯಲ್ಲೂ ಇತ್ತಲ್ಲ, ಹಾಗಾಗಿ ಹೆಡ್ಡಿನ ಸಾಮಾನು ಈಗಲೂ ಹುಬ್ಬಳ್ಳಿಯ ಸ್ಪೇರ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಇಲ್ಲದಿದ್ದರೆ ಈ ಕೆಲಸಕ್ಕೆ ನಾನು ಕೈ ಹಾಕುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಇದೇ ಗ್ಯಾಸ್ಕೆಟ್ ಒಮ್ಮೆ ಹೋಗಿತ್ತು. ಆಗ ಗ್ಯಾರೇಜಿಗೆ ಕೊಟ್ಟಿದ್ದೆ. ಒಂದೇ ದಿನದಲ್ಲಿ ಮಾಡಿ ಕೊಟ್ಟಿದ್ದರು. ಈ ಸಲ ನಾನೇ ಬಿಚ್ಚುತ್ತೇನೆ ಅಂದಾಗ ಅಪ್ಪ ಹೇಳಿದ್ದು ಒಂದೇ ಮಾತು. "ಗ್ಯಾಸ್ಕೆಟ್ ತಾನಾಗೇ ಹೋಗಂಗಿಲ್ಲ ತಮ್ಮಾ. ಯಾಕ ಹೋತು ಅನ್ನೋದನ್ನ ಮದ್ಲ ಹುಡುಕು, ಆಮ್ಯಾಲೆ ಪಾನಾ ಹಿಡಿ." ಅಪ್ಪ ಇಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ನಿವೃತ್ತಿ ಆದಮೇಲೂ ಅಳತೆಯ ವಿಷಯದಲ್ಲಿ ಒಂದಿಷ್ಟೂ ಸಡಿಲ ಬಿಟ್ಟಿಲ್ಲ.

ಅದಕ್ಕೆ ಮೊದಲ ಶನಿವಾರ ಏನನ್ನೂ ಬಿಚ್ಚಲಿಲ್ಲ. ಮೂರೂ ಪ್ಲಗ್ ತೆಗೆದು, ಸಿಲಿಂಡರಿನ ಒಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಹಚ್ಚಿದೆ. ಅಪ್ಪ ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದರು. ಒಂದನೇ ಸಿಲಿಂಡರ್ 12 ತೋರಿಸಿತು. ಎರಡನೆಯದು 6.5. ಮೂರನೆಯದು 6. ಪಕ್ಕ ಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ, ಹೆಚ್ಚು ಕಡಿಮೆ ಒಂದೇ ಅಂಕಿಗೆ ಬಿದ್ದರೆ ನಡುವಿನ ಗ್ಯಾಸ್ಕೆಟ್ ಸುಟ್ಟಿದೆ ಅಂತಲೇ ತಿಳಿಯಬೇಕು. ಒಂದರ ಗಾಳಿ ಇನ್ನೊಂದಕ್ಕೆ ನುಗ್ಗುತ್ತಿರುತ್ತದೆ. ಆದರೂ ಪಿಸ್ಟನ್ ರಿಂಗಿನ ಮೇಲೆ ಸಂಶಯ ಉಳಿಯಬಾರದು ಅಂತ ಪ್ಲಗ್ ತೂತಿನಿಂದ ಒಂದೊಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದೆ. ರಿಂಗ್ ಸವೆದಿದ್ದರೆ ಆಯಿಲ್ ಬಿದ್ದ ಮೇಲೆ ಗೇಜ್ ಏರಬೇಕು. ಏರಲಿಲ್ಲ. ಕೆಳಗಿನ ಎಂಜಿನ್ ಗಟ್ಟಿ ಇದೆ, ತೊಂದರೆ ಮೇಲೆಯೇ ಇದೆ ಅಂತ ಸಮಾಧಾನ ಆಯಿತು. ಆಯಿಲ್ ಹಾಕುವ ಮುಚ್ಚಳದ ಒಳಗೆ ಚಹಾದ ಕೆನೆಯಂಥ ಪದರ ಕಟ್ಟಿತ್ತು. ಆಯಿಲಿಗೂ ನೀರು ಸೇರಿದೆ.

ಬಿಚ್ಚುವ ಕೆಲಸ ಉದ್ದ, ಆದರೆ ಕಷ್ಟ ಅಲ್ಲ. ಬ್ಯಾಟರಿ ವೈರ್ ತೆಗೆದು, ನೀರು ಮತ್ತು ಆಯಿಲ್ ಇಳಿಸಿ, ಕಾರ್ಬ್ಯುರೇಟರಿನ ಪೈಪುಗಳಿಗೆ ಬಿಳಿ ಟೇಪ್ ಸುತ್ತಿ ನಂಬರ್ ಬರೆದೆ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ. ಎಕ್ಸಾಸ್ಟ್ ಕಡೆಯ ನಟ್ಟುಗಳಿಗೆ ಮಾತ್ರ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಟ್ಟಿದ್ದೆ. ಅವಸರ ಮಾಡಿದರೆ ಸ್ಟಡ್ ಮುರಿಯುತ್ತದೆ, ಮುರಿದರೆ ಎರಡು ದಿನ ಅದಕ್ಕೇ ಹೋಗುತ್ತದೆ. ಆಮೇಲೆ ಪಿಸ್ಟನ್‌ಗಳಿಗೆ ಜೋಡಿಸಿದ ಕ್ರ್ಯಾಂಕ್ ತಿರುಗಿಸಿ ಒಂದನೇ ಪಿಸ್ಟನ್ ಮೇಲೆ ತಂದು, ಕ್ರ್ಯಾಂಕ್ ಮತ್ತು ವಾಲ್ವ್ ಆಡಿಸುವ ಕ್ಯಾಮಿನ ಟೈಮಿಂಗ್ ಗುರುತು ಎರಡೂ ಕೂಡಿವೆಯೇ ಅಂತ ನೋಡಿ, ಅವೆರಡನ್ನೂ ಜೋಡಿಸುವ ಬೆಲ್ಟ್ ಇಳಿಸಿದೆ. ಹೆಡ್ ಬೋಲ್ಟ್ ಒಟ್ಟು ಎಂಟು. ಹೊರಗಿನಿಂದ ನಡುವಿಗೆ, ಒಂದೊಂದನ್ನು ಕಾಲು ಸುತ್ತಿನಷ್ಟು ಸಡಿಲ ಮಾಡುತ್ತ ಬರಬೇಕು. ಎಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿ ಹೆಡ್ ಬಿಚ್ಚಿದರೆ ಅದು ಸೊಟ್ಟ ಆಗುತ್ತದೆ.

ಅಪ್ಪ ಪಾರ್ಲೆ ಬಿಸ್ಕತ್ತಿನ ದೊಡ್ಡ ರಟ್ಟಿನ ಡಬ್ಬಿಯ ಮೇಲೆ ಹೆಡ್ಡಿನ ಚಿತ್ರ ಬರೆದು, ಬೋಲ್ಟ್ ಇರುವ ಕಡೆಯೆಲ್ಲ ತೂತು ಹೊಡೆದು ಇಟ್ಟಿದ್ದರು. ಯಾವ ಬೋಲ್ಟ್ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿ ನಿಲ್ಲಿಸುವುದು. ವಾಲ್ವ್‌ಗಳಿಗೂ ಹಾಗೇ ಆರು ತೂತು. ಈ ರಟ್ಟು ಇಲ್ಲದಿದ್ದರೆ ನಾನು ಎಲ್ಲವನ್ನೂ ಒಂದೇ ಬೋಗುಣಿಗೆ ಹಾಕಿಬಿಡುತ್ತಿದ್ದೆ. ಸವೆದ ಭಾಗಗಳು ತಮ್ಮ ಜೊತೆಯ ಭಾಗಕ್ಕೆ ಹೊಂದಿಕೊಂಡು ಸವೆದಿರುತ್ತವೆ. ಅದಲು ಬದಲು ಆಗಬಾರದು.

ಹೆಡ್ ಎತ್ತಿದಾಗ ಊಹೆ ಸರಿಯಾಗಿತ್ತು. ಎರಡು ಮತ್ತು ಮೂರನೇ ಸಿಲಿಂಡರ್ ನಡುವೆ ಗ್ಯಾಸ್ಕೆಟ್ಟಿನ ಉಕ್ಕಿನ ಅಂಚು ಬೆರಳಗಲ ಸುಟ್ಟು ಕರಿ ಆಗಿತ್ತು. ಅದಕ್ಕಿಂತ ಹೆಚ್ಚು ನೋವಾದದ್ದು ಹೆಡ್ಡಿನ ಮೈ ನೋಡಿ. ಮೂರನೇ ಸಿಲಿಂಡರಿನ ಪಕ್ಕದ ನೀರಿನ ತೂತಿನ ಸುತ್ತ ಅಲ್ಯೂಮಿನಿಯಂ ಗೆದ್ದಲು ತಿಂದ ಕಟ್ಟಿಗೆಯಂತೆ ತೂತು ತೂತು ಆಗಿತ್ತು. ಥರ್ಮೋಸ್ಟಾಟ್ (ನೀರು ಕಾದ ಮೇಲಷ್ಟೇ ರೇಡಿಯೇಟರಿಗೆ ದಾರಿ ಬಿಡುವ ಮುಚ್ಚಳ) ಇರುವ ಜಾಗ ಬಿಚ್ಚಿದರೆ ಒಳಗೆ ಥರ್ಮೋಸ್ಟಾಟೇ ಇಲ್ಲ. ಹಿಂದಿನ ಸಲ ಮಾಡಿದವರು ತೆಗೆದು ಎಸೆದಿದ್ದರು. ಗ್ಯಾಸ್ಕೆಟ್ಟಿನ ಎರಡೂ ಕಡೆ ಕೆಂಪು ಪೇಸ್ಟ್ ಬಳಿದಿದ್ದರು. ಅದರ ಎಳೆಗಳು ಆಯಿಲ್ ಹೋಗುವ ತೂತಿನ ಬಾಯಲ್ಲಿ ಜೋತಾಡುತ್ತಿದ್ದವು. ಒಂದು ಎಳೆ ಒಳಗೆ ಹೋಗಿ ಸಿಕ್ಕಿದ್ದರೆ ವಾಲ್ವ್‌ಗಳನ್ನು ಒತ್ತುವ ರಾಕರ್‌ಗಳಿಗೆ ಆಯಿಲ್ ಇರುತ್ತಿರಲಿಲ್ಲ.

ಹೆಡ್ಡಿನ ಮೈ ಒರೆಸಿ, ಉಕ್ಕಿನ ನೇರ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳು) ತೂರಿಸಿ ನೋಡಿದೆ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. 0.05 ಮಿ.ಮೀ. ದಾಟಬಾರದು. ಮೂಲೆಯಿಂದ ಮೂಲೆಗೆ ಇಟ್ಟಾಗ 0.10ರ ಎಲೆ ನಡುವೆ ಸಲೀಸಾಗಿ ಹೋಯಿತು. ಈ ಸೊಟ್ಟ ಮೊನ್ನೆಯ ಘಟ್ಟದ ಬಿಸಿಗೆ ಬಂದದ್ದೋ, ಎರಡು ವರ್ಷದ ಹಿಂದಿನದೋ ಹೇಳಲು ಆಗುವುದಿಲ್ಲ. ಆದರೆ ಒಂದೇ ದಿನದಲ್ಲಿ ಹೆಡ್ ಬಿಚ್ಚಿ ಮುಚ್ಚಿದರೆ ಪಟ್ಟಿ ಇಟ್ಟು ನೋಡಲು ಸಮಯ ಎಲ್ಲಿ ಸಿಗಬೇಕು? ಬ್ಲಾಕಿನ ಮೈಯನ್ನೂ ಹಾಗೇ ನೋಡಿದೆ. ಅದು ನೇರ ಇತ್ತು. ಸಿಲಿಂಡರಿನ ಒಳಗೋಡೆಯ ಮೇಲೆ ಹೋನಿಂಗಿನ, ಅಂದರೆ ಹೊಸದಿದ್ದಾಗ ಉಜ್ಜಿದ, ಅಡ್ಡಗೆರೆ ಇನ್ನೂ ಕಾಣುತ್ತಿತ್ತು. ಮೇಲಿನ ತುದಿಯಲ್ಲಿ ಉಗುರು ಎಳೆದರೆ ಮೆಟ್ಟಿಲು ಸಿಗಲಿಲ್ಲ. ಪಿಸ್ಟನ್ ಮುಟ್ಟುವ ಅಗತ್ಯ ಇಲ್ಲ.

ಯಾಕೆ ಹೋಯಿತು ಅನ್ನುವುದಕ್ಕೆ ಉತ್ತರ ರೇಡಿಯೇಟರಿನಲ್ಲಿತ್ತು. ಅದನ್ನು ಬಿಚ್ಚಿ ತಲೆಕೆಳಗೆ ಮಾಡಿ ಪೈಪಿನ ನೀರು ಬಿಟ್ಟರೆ ಇನ್ನೊಂದು ಕಡೆ ಸಣ್ಣ ಧಾರೆ. ರೇಡಿಯೇಟರ್ ಅಂಗಡಿಯವರು ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿ ತೋರಿಸಿದರು. ಅರ್ಧಕ್ಕರ್ಧ ನಳಿಗೆಗಳ ಬಾಯಿ ಮುಚ್ಚಿತ್ತು. ಬಚ್ಚಲಿನ ತಾಮ್ರದ ಹಂಡೆಯ ಒಳಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ. ನಮ್ಮ ಮನೆಗೆ ಮಲಪ್ರಭಾ ನೀರು ಯಾವತ್ತೂ ದಿನಾ ಬಂದಿದ್ದಿಲ್ಲ. ಕುಡಿಯಲು ಹಿಡಿದಿಟ್ಟ ನೀರನ್ನು ಕಾರಿಗೆ ಯಾರು ಸುರಿಯುತ್ತಾರೆ? ವರ್ಷಗಟ್ಟಲೆ ಬೋರ್‌ವೆಲ್ಲಿನ ನೀರನ್ನೇ ಹಾಕಿದೆವು. ಕೂಲಂಟ್ ಹಾಕಿದ್ದು ನೆನಪೇ ಇಲ್ಲ. ಬೋರ್‌ವೆಲ್ಲಿನ ನೀರು ಗಡಸು. ಕಾದಾಗ ಅದರ ಸುಣ್ಣ ನಳಿಗೆಗೆ ಮೆತ್ತುತ್ತದೆ. ತುಕ್ಕು ತಡೆಯುವ ಔಷಧ ಇಲ್ಲದ ಅದೇ ನೀರು ಅಲ್ಯೂಮಿನಿಯಂ ಹೆಡ್ಡನ್ನೂ ತಿನ್ನುತ್ತದೆ. ಊರೊಳಗೆ ಕೊಪ್ಪಿಕರ್ ರಸ್ತೆ, ಸ್ಟೇಶನ್ ರಸ್ತೆ ಅಂತ ಓಡಾಡುವಾಗ ಅರ್ಧ ರೇಡಿಯೇಟರ್ ಸಾಕಾಗುತ್ತಿತ್ತು. ನಾಲ್ಕು ಜನ ಕೂತು ಘಟ್ಟ ಹತ್ತುವಾಗ ಸಾಕಾಗಲಿಲ್ಲ. ಕಾರು ಬಿಸಿ ಆಗಿದ್ದು ಘಟ್ಟದಲ್ಲಿ, ಕೆಟ್ಟಿದ್ದು ನಮ್ಮ ಅಂಗಳದ ಕೊಡಪಾನದಿಂದ. ಅಂಗಡಿಯವರು ಉಕ್ಕಿನ ಸಳಿ ಆಡಿಸಿ ಪ್ರತಿ ನಳಿಗೆಯನ್ನೂ ಬಿಡಿಸಿ, ಟ್ಯಾಂಕ್ ಮತ್ತೆ ಬೆಸೆದು ಕೊಟ್ಟರು.

ಇನ್ನು ಹೆಡ್. ರಾಕರ್ ಶಾಫ್ಟ್ ಎರಡಿವೆ. ಹಿಡಿದಿರುವ ಸ್ಕ್ರೂ ಬಿಚ್ಚಿ ಶಾಫ್ಟನ್ನು ಉದ್ದಕ್ಕೆ ಎಳೆದರೆ ರಾಕರ್, ಸ್ಪ್ರಿಂಗ್ ಒಂದೊಂದಾಗಿ ಕೈಗೆ ಬರುತ್ತವೆ. ವಾಲ್ವ್ ಸ್ಪ್ರಿಂಗ್ ಒತ್ತುವ ಸಾಧನ ನಮ್ಮ ಹತ್ತಿರ ಇರಲಿಲ್ಲ. ಅಪ್ಪ ಹಳೆಯ ಸಿ ಕ್ಲಾಂಪಿನ ತುದಿಗೆ ಪೈಪಿನ ತುಂಡು ಬೆಸುಗೆ ಹಾಕಿಸಿ, ಪೈಪಿನ ಮೈಗೆ ಒಂದು ಕಿಟಕಿ ಕೊರೆಸಿದರು. ಕ್ಲಾಂಪ್ ತಿರುಗಿಸಿದರೆ ಸ್ಪ್ರಿಂಗ್ ಕೆಳಗೆ ಹೋಗುತ್ತದೆ, ಕಿಟಕಿಯಿಂದ ಮ್ಯಾಗ್ನೆಟ್ ತುದಿ ತೂರಿಸಿ ಸ್ಪ್ರಿಂಗನ್ನು ವಾಲ್ವಿಗೆ ಹಿಡಿದಿಡುವ ಎರಡು ಸಣ್ಣ ಬೆಣೆ, ಅಂದರೆ ಕಾಟರ್, ತೆಗೆಯುವುದು. ಮೇಲೆ ಹಳೆಯ ಸೀರೆಯ ತುಂಡು ಮುಚ್ಚಿಕೊಂಡೇ ಮಾಡಿ. ಅಕ್ಕಿ ಕಾಳಿಗಿಂತ ತುಸು ದೊಡ್ಡದು ಅಷ್ಟೇ ಆ ಕಾಟರ್. ಹಾರಿದರೆ ಸಿಗುವುದಿಲ್ಲ.

ವಾಲ್ವ್ ಗೈಡಿನಲ್ಲಿ ಅಲುಗಾಟ ಇರಲಿಲ್ಲ. ಮೂರನೆಯದರ ಎಕ್ಸಾಸ್ಟ್ ವಾಲ್ವಿನ ಮುಖ ಸುಟ್ಟು ಗುಳಿ ಬಿದ್ದಿತ್ತು, ಅದನ್ನು ಹೊಸದು ತಂದೆ. ಆರೂ ಆಯಿಲ್ ಸೀಲ್ ಹೊಸವು. ಹಳೆಯವು ಒಣಗಿ ಪ್ಲಾಸ್ಟಿಕ್ಕಿನಂತೆ ಆಗಿದ್ದವು, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬರುತ್ತಿದ್ದದ್ದು ಇವುಗಳಿಂದಲೇ.

ಬರಿ ಹೆಡ್ಡನ್ನು ಗೋಕುಲ ರಸ್ತೆಯ ಲೇತ್ ಅಂಗಡಿಗೆ ಒಯ್ದೆ. ಹೆಡ್ಡಿನ ಕೆಲಸದಲ್ಲಿ ಮನೆಯಲ್ಲಿ ಆಗದ್ದು ಇದೊಂದೇ. ಗಾಜಿನ ಮೇಲೆ ಪಾಲಿಶ್ ಪೇಪರ್ ಅಂಟಿಸಿ ಹೆಡ್ ಉಜ್ಜುವವರನ್ನು ನೋಡಿದ್ದೇನೆ. ಕಾರಿನ ಹೆಡ್ಡಿಗೆ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಅಂಗಡಿಯ ಕಾಕಾ ತಿಂದುಹೋದ ಜಾಗಕ್ಕೆ ಆರ್ಗನ್ ವೆಲ್ಡಿಂಗ್ ತುಂಬಿಸಿ, ಮೈಯನ್ನು 0.15 ಮಿ.ಮೀ. ಮಾತ್ರ ಹೊಡೆದರು, ಅಂದರೆ ಹೆರೆದು ಸಮ ಮಾಡಿದರು. "ಸಾಪ್ ಆಗೋತನ ಅಷ್ಟ ಹೊಡಿಬೇಕ್ರಿ. ಜಾಸ್ತಿ ತಗದ್ರ ಕಂಪ್ರೆಶನ್ ಏರಿ ಎಂಜಿನ್ ಬಡಿಯಾಕತ್ತೇತಿ" ಅಂದರು. ವಾಲ್ವ್ ಕೂರುವ ಸೀಟುಗಳಿಗೆ 45 ಡಿಗ್ರಿಯ ಕಟರ್ ಹಗುರವಾಗಿ ಆಡಿಸಿಕೊಟ್ಟರು.

ವಾಲ್ವ್ ಲ್ಯಾಪಿಂಗ್, ಅಂದರೆ ವಾಲ್ವನ್ನು ಅದರ ಸೀಟಿಗೆ ಅರೆದು ಹೊಂದಿಸುವುದು, ಮನೆಯ ಕಟ್ಟೆಯ ಮೇಲೆ. ನನಗೆ ಇಡೀ ಕೆಲಸದಲ್ಲಿ ಬಹಳ ಹಿಡಿಸಿದ್ದು ಇದು. ವಾಲ್ವಿನ ಮುಖಕ್ಕೆ ಗ್ರೈಂಡಿಂಗ್ ಪೇಸ್ಟನ್ನು ನಾಲ್ಕು ಕಡೆ ಚುಕ್ಕೆ ಇಟ್ಟ ಹಾಗೆ ಹಚ್ಚಿ, ಕಾಂಡಕ್ಕೆ ತುಸು ಆಯಿಲ್ ಸವರಿ ಸೀಟಿಗೆ ಇಳಿಸುವುದು. ರಬ್ಬರ್ ಬಟ್ಟಲಿನ ಕೋಲನ್ನು ವಾಲ್ವಿಗೆ ಒತ್ತಿ, ಮಜ್ಜಿಗೆ ಕಡೆಯುವ ಕಡಗೋಲಿನಂತೆ ಎರಡೂ ಅಂಗೈ ನಡುವೆ ಹಿಂದೆ ಮುಂದೆ ತಿರುಗಿಸುವುದು. ಹತ್ತು ಸಲಕ್ಕೊಮ್ಮೆ ಎತ್ತಿ, ಕಾಲು ಸುತ್ತು ಸರಿಸಿ, ಮತ್ತೆ. ಮೊದಲು ಮರಳು ಅರೆದಂತೆ ಕರಕರ ಸದ್ದು. ಪೇಸ್ಟ್ ಸಣ್ಣಗಾಗುತ್ತ ಹೋದಂತೆ ಸದ್ದು ಮೆತ್ತಗಾಗುತ್ತದೆ. ಕೈಗೆ ರೇಶ್ಮೆಯ ಮೇಲೆ ಜಾರಿದಂತೆ ಅನಿಸಿದಾಗ ನಿಲ್ಲಿಸಿ ಒರೆಸಬೇಕು. ಸುತ್ತಲೂ ಎಲ್ಲಿಯೂ ಹರಿಯದ, ಒಂದೇ ಅಗಲದ ಬೂದು ಉಂಗುರ ಕಾಣಬೇಕು. ಸುಮಾರು ಒಂದೂವರೆ ಮಿಲಿಮೀಟರ್ ಅಗಲ. ಹೊಳಪು ಇರಬಾರದು, ಮಂಕು ಬೂದು. ಮೊದಲಿನ ವಾಲ್ವಿಗೆ ನಲವತ್ತು ನಿಮಿಷ ಹಿಡಿಯಿತು, ಕೊನೆಯದಕ್ಕೆ ಹದಿನೈದು.

ಆಮೇಲೆ ಪೇಸ್ಟ್ ತೊಳೆಯುವ ಕೆಲಸ. ಇಲ್ಲಿ ಸೋಮಾರಿತನ ಮಾಡಲೇಬಾರದು. ಅದು ಅರೆಯುವ ಪುಡಿ, ಒಂದು ಚಿಟಿಕೆ ಉಳಿದರೂ ಆಯಿಲಿನ ಜೊತೆ ಹೋಗಿ ಬೇರಿಂಗ್ ಅರೆಯುತ್ತದೆ. ಡೀಸೆಲ್, ಸೋಪಿನ ಬಿಸಿನೀರು, ಮತ್ತೆ ಡೀಸೆಲ್. ಆಯಿಲ್ ದಾರಿಗಳಿಗೆ ಸೈಕಲ್ ಪಂಪಿನಿಂದ ಗಾಳಿ. ನಮ್ಮ ಕಡೆಯ ಎರೆಮಣ್ಣಿನ ಧೂಳು ಬೇರೆ, ಸಂಜೆ ಗಾಳಿ ಬಿಟ್ಟರೆ ಎಲ್ಲದರ ಮೇಲೆ ಕೂರುತ್ತದೆ. ಅವ್ವ ಕೊಟ್ಟ ಹಳೆಯ ಇಳಕಲ್ ಸೀರೆಯಿಂದ ಹೆಡ್ಡು, ಬ್ಲಾಕು ಎರಡನ್ನೂ ಮುಚ್ಚಿಯೇ ಇಡುತ್ತಿದ್ದೆ.

ವಾಲ್ವ್ ಕೂರಿಸಿ, ಹೆಡ್ ತಲೆಕೆಳಗೆ ಇಟ್ಟು, ಪ್ಲಗ್ ಹಾಕಿ ಮೂರೂ ಗುಂಡಿಗಳಿಗೆ ಪೆಟ್ರೋಲ್ ತುಂಬಿಸಿದೆ. ವಾಲ್ವಿನಿಂದ ಸೋರುತ್ತದೆಯೇ ಅಂತ ಹತ್ತು ನಿಮಿಷ ಕಾದೆ. ವಾಲ್ವಿನ ಆಚೆಯ ಆರು ದಾರಿಗಳಲ್ಲಿ (ಪೋರ್ಟ್) ಐದು ಒಣಗಿದ್ದವು. ಎರಡನೆಯದರ ಎಕ್ಸಾಸ್ಟಿನಲ್ಲಿ ಸಣ್ಣ ಪಸೆ. ರಾತ್ರಿ ಒಂಬತ್ತಾಗಿತ್ತು. ಇಷ್ಟಕ್ಕೆ ಏನಾಗುತ್ತದೆ ಅಂತ ಮನಸ್ಸು ಹೇಳಿತು. ಅಪ್ಪ ಟಾರ್ಚ್ ಬಿಟ್ಟು ನೋಡಿ "ತಗೀ" ಅಂದರು. ತೆಗೆದೆ. ಮರುದಿನ ಬೆಳಗ್ಗೆ ಮತ್ತೆ ಲ್ಯಾಪ್ ಮಾಡಿದ ಮೇಲೆ ಆರೂ ಒಣ.

ಜೋಡಿಸುವ ಮೊದಲು ಇನ್ನೊಂದು ಕೆಲಸ ಇದೆ, ಬಹಳ ಜನ ಬಿಡುವುದು ಇದನ್ನೇ. ಬ್ಲಾಕಿನ ಬೋಲ್ಟ್ ತೂತುಗಳಲ್ಲಿ ನೀರೋ ಆಯಿಲೋ ನಿಂತಿರುತ್ತದೆ. ಹಾಗೇ ಬೋಲ್ಟ್ ಬಿಗಿದರೆ ಕೆಳಗಿನ ನೀರು ಎಲ್ಲಿಗೂ ಹೋಗಲಾರದೆ ಬೋಲ್ಟನ್ನು ತಡೆಯುತ್ತದೆ. ರೆಂಚು ಬಿಗಿ ಆಯಿತು ಅನ್ನುತ್ತದೆ, ಹೆಡ್ ಬಿಗಿ ಆಗಿರುವುದಿಲ್ಲ. ಬ್ಲಾಕ್ ಸೀಳಲೂಬಹುದು. ಇಂಜೆಕ್ಷನ್ ಸಿರಿಂಜಿಗೆ ಸಣ್ಣ ನಳಿಗೆ ಸಿಕ್ಕಿಸಿ ಎಂಟೂ ತೂತು ಹೀರಿ ತೆಗೆದೆ. ಎರಡರಲ್ಲಿ ಅರ್ಧ ಸಿರಿಂಜಿನಷ್ಟು ಕೆಸರು ನೀರಿತ್ತು.

ಹೊಸ ಗ್ಯಾಸ್ಕೆಟ್ ಒಣದಾಗಿಯೇ ಇಟ್ಟೆ. ಯಾವ ಪೇಸ್ಟೂ ಇಲ್ಲ. ಆಯಿಲ್ ತೂತು ಆಯಿಲ್ ತೂತಿಗೇ ಬಂದಿದೆಯೇ ಅಂತ ಎರಡು ಸಲ ನೋಡಿ ಹೆಡ್ ಇಳಿಸಿದೆವು. ಬೋಲ್ಟಿನ ಬಿಗಿ ಅಳೆಯುವ ಟಾರ್ಕ್ ರೆಂಚ್ ಗೆಳೆಯನಿಂದ ತಂದಿದ್ದೆ. ಮ್ಯಾನುಯಲ್ ಪ್ರಕಾರ 5.5ರಿಂದ 6 ಕೆ.ಜಿ.-ಮೀಟರ್. ನಡುವಿನಿಂದ ಹೊರಗೆ, ಮೊದಲ ಸುತ್ತು 2, ಎರಡನೆಯದು 4, ಕೊನೆಗೆ 5.8. ಅಪ್ಪನಿಗೆ ಜೀವನವಿಡೀ ಪಾನಾ ಹಿಡಿದ ಕೈ ಇದೆ, ನೀವೇ ಬಿಗಿಯಿರಿ ಅಂದರೆ ಕೇಳಲಿಲ್ಲ. "ಕೈ ಲೆಕ್ಕ ಬ್ಯಾಡ. ಮುಂಜಾನೆ ಕೈ ಬ್ಯಾರೆ, ಸಂಜಿ ಕೈ ಬ್ಯಾರೆ." ಕೊನೆಯ ಬೋಲ್ಟ್ 'ಟಿಕ್' ಅಂದಾಗ ಇಬ್ಬರೂ ಸುಮ್ನೆ ಸ್ವಲ್ಪ ಹೊತ್ತು ಕೂತೆವು.

ಬೆಲ್ಟ್ ಹೊಸದೇ ಹಾಕಿದೆ, ಇಷ್ಟು ಬಿಚ್ಚಿದ ಮೇಲೆ ಹಳೆಯದನ್ನು ಯಾಕೆ ಉಳಿಸುವುದು? ಗುರುತು ಕೂಡಿಸಿ, ಕ್ರ್ಯಾಂಕನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ, ಗುರುತು ಮತ್ತೆ ಅಲ್ಲೇ ಬಂದದ್ದು ನೋಡಿದೆ. ಕ್ರ್ಯಾಂಕ್ ಎರಡು ಸುತ್ತು ಹೋದರೆ ಕ್ಯಾಮ್ ಒಂದು ಸುತ್ತು.

ಟ್ಯಾಪೆಟ್ ಸೆಟ್ಟಿಂಗ್, ಅಂದರೆ ರಾಕರ್ ಮತ್ತು ವಾಲ್ವ್ ನಡುವಿನ ಸಂದು, ಎಂಜಿನ್ ತಣ್ಣಗಿದ್ದಾಗ ಮ್ಯಾನುಯಲ್ಲಿನ ಅಳತೆಗೆ. ಸಿಲಿಂಡರುಗಳಲ್ಲಿ ಪೆಟ್ರೋಲ್ ಉರಿಯುವ ಸರದಿ (ಫೈರಿಂಗ್ ಕ್ರಮ) 1-3-2. ಅಂದರೆ ಒಂದನೆಯದು ಮುಗಿಸಿ ಕ್ರ್ಯಾಂಕನ್ನು 240 ಡಿಗ್ರಿ ತಿರುಗಿಸಿದರೆ ಮೂರನೆಯದು, ಇನ್ನೊಂದು 240ಕ್ಕೆ ಎರಡನೆಯದು. ಗೇಜಿನ ಎಲೆ ಸುಮ್ನೆ ಜಾರಬಾರದು, ಸಿಕ್ಕಿಯೂ ಬೀಳಬಾರದು. ದಪ್ಪ ಪುಸ್ತಕದ ನಡುವಿನಿಂದ ಬಿಡಿ ಹಾಳೆ ಎಳೆದಂತೆ ಬರಬೇಕು. ಲಾಕ್ ನಟ್ ಬಿಗಿಯುವಾಗ ಸ್ಕ್ರೂ ತುಸು ತಿರುಗಿಬಿಡುತ್ತದೆ, ಅದಕ್ಕೆ ಬಿಗಿದ ಮೇಲೆ ಮತ್ತೊಮ್ಮೆ ಗೇಜ್ ಹಾಕಿ ನೋಡಬೇಕು.

ಹೊಸ ಥರ್ಮೋಸ್ಟಾಟನ್ನು ಹಾಕುವ ಮೊದಲು ಅಡುಗೆಮನೆಯಲ್ಲಿ ಪಾತ್ರೆಯ ನೀರಿಗೆ ಬಿಟ್ಟು ಕಾಯಿಸಿದೆ. ಮೈಮೇಲೆ 82 ಅಂತ ಬರೆದಿತ್ತು, ಹೆಚ್ಚು ಕಡಿಮೆ ಅಷ್ಟಕ್ಕೇ ಬಾಯಿ ಬಿಡತೊಡಗಿತು. ನಮ್ಮೂರ ಬಿಸಿಲಿಗೆ ಥರ್ಮೋಸ್ಟಾಟ್ ಬೇಡ ಅನ್ನುವವರು ಬಹಳ. ಅದು ಇಲ್ಲದಿದ್ದರೆ ಎಂಜಿನ್ ಬೇಗ ಬಿಸಿ ಏರುವುದೇ ಇಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಜಾಸ್ತಿ. ಬಿಸಿ ಆಗುವ ಕಾರಿಗೆ ಥರ್ಮೋಸ್ಟಾಟ್ ತೆಗೆಯುವುದು ಔಷಧ ಅಲ್ಲ, ಮುಚ್ಚಿಹೋದ ರೇಡಿಯೇಟರನ್ನು ನಮ್ಮಿಂದ ಬಚ್ಚಿಡುವ ದಾರಿ. ಕೂಲಂಟಿಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಅರ್ಧಕ್ಕರ್ಧ ಬೆರೆಸಿದೆ.

ಹೊಸ ಆಯಿಲ್, ಹೊಸ ಫಿಲ್ಟರ್. ಪ್ಲಗ್ಗಿಗೆ ಕಿಡಿ ಹೋಗದಂತೆ ಕಾಯಿಲ್ ವೈರ್ ತೆಗೆದು ಆಯಿಲ್ ದೀಪ ಆರುವವರೆಗೆ ಸೆಲ್ಫ್ ಹೊಡೆದೆ. ಆಮೇಲೆ ವೈರ್ ಹಾಕಿ ಚೋಕ್ ಎಳೆದು ಕೀಲಿ ತಿರುಗಿಸಿದರೆ ಎರಡನೇ ಸಲಕ್ಕೆ ಹಿಡಿಯಿತು. ಸೈಲೆನ್ಸರಿನಿಂದ ದಟ್ಟ ಹೊಗೆ. ಸಿಲಿಂಡರಿಗೆ ಬಿಟ್ಟಿದ್ದ ಆಯಿಲ್ ಸುಡುತ್ತಿದೆ ಅಂತ ಗೊತ್ತಿದ್ದರೂ ಎದೆ ಹೊಡೆದುಕೊಂಡಿತು. ಐದು ನಿಮಿಷಕ್ಕೆ ಹೊಗೆ ನಿಂತಿತು. ರೇಡಿಯೇಟರ್ ಮುಚ್ಚಳ ತೆಗೆದೇ ಇಟ್ಟು ಗಾಳಿ ಹೋಗಲು ಬಿಟ್ಟೆ. ಮೊದಲು ನಾಲ್ಕಾರು ಗುಳ್ಳೆ, ಆಮೇಲೆ ಇಲ್ಲ. ಮುಚ್ಚಳ ಹಾಕಿದೆ. ಫ್ಯಾನು ತಾನಾಗಿ ತಿರುಗಿತು, ತಾನಾಗಿ ನಿಂತಿತು. ಮರುದಿನ ತಣ್ಣಗಿದ್ದಾಗ ಹೆಡ್ ಬೋಲ್ಟಿನ ಬಿಗಿ ಮತ್ತು ಟ್ಯಾಪೆಟ್ ಎರಡನ್ನೂ ಮತ್ತೆ ನೋಡಿದೆ. ಎರಡು ಎಕ್ಸಾಸ್ಟ್ ಟ್ಯಾಪೆಟ್ ತುಸು ಬಿಗಿ ಆಗಿದ್ದವು. ಕಂಪ್ರೆಶನ್ 12.5, 12, 12.5.

ಒಂದು ವಾರ ಧಾರವಾಡಕ್ಕೆ ಹೋಗಿ ಬಂದು ಮಾಡಿದೆ. ಆಮೇಲೆ ಅಪ್ಪನನ್ನೇ ಪಕ್ಕಕ್ಕೆ ಕೂರಿಸಿಕೊಂಡು ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಇಳಿದು, ಕೆಳಗೆ ಚಹಾ ಕುಡಿದು, ಮತ್ತೆ ಹತ್ತಿದೆ. ಹೋದ ಸಲ ನಿಂತ ತಿರುವಿನಲ್ಲಿ ಅಪ್ಪ ಮೀಟರಿಗೆ ಬಗ್ಗಿ ನೋಡಿದರು. ಮುಳ್ಳು ನಡುವಿನಿಂದ ಒಂದು ಕೂದಲೆಳೆ ಮೇಲೆ. ಮೇಲೆ ಮುಟ್ಟಿದಾಗಲೂ ಅಲ್ಲೇ.

ಹೊರಡುವ ಮುನ್ನ ನೀರಿನ ಬಾಟಲಿಯ ಮೇಲೆ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆದಿದ್ದೆ. ಮರುದಿನ ಬೆಳಗ್ಗೆ ಬಾನೆಟ್ ಎತ್ತಿ ನೋಡಿದರೆ ಹಸಿರು ನೀರು ಗೆರೆಗೆ ಸರಿಯಾಗಿ ನಿಂತಿತ್ತು. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬುಡದಲ್ಲಿ ಮಾತ್ರ ಒಂದು ಹನಿ ಆಯಿಲ್ ಕಂಡಿತು. ಅಲ್ಲಿಯ ಓ ರಿಂಗ್ (ರಬ್ಬರ್ ಉಂಗುರ) ತಂದಿಟ್ಟಿದ್ದೇನೆ, ಬರುವ ಭಾನುವಾರ ಹಾಕಬೇಕು.